ರ್ಯಾಮ್ ಮೀನಿನ ಮೊಟ್ಟೆ ಕಾಯುವ ಬಗೆ

ರ್ಯಾಮ್ ಮೀನು ಸಾಕುವವರ ದೂರು ಹೆಚ್ಚುಕಡಿಮೆ ಒಂದೇ. ಸಂಜೆ ನೋಡಿದಾಗ ಚಪ್ಪಟೆ ಕಲ್ಲಿನ ಮೇಲೆ ನೂರೈವತ್ತು-ಇನ್ನೂರು ಮೊಟ್ಟೆ ಇದ್ದವು, ಗಂಡು ಹೆಣ್ಣು ಎರಡೂ ಕಾವಲಿಗೆ ನಿಂತಿದ್ದವು. ಬೆಳಗ್ಗೆ ಎದ್ದು ನೋಡಿದರೆ ಕಲ್ಲು ಬರಿದು. ತಂದೆತಾಯಿಯೇ ತಿಂದುಹಾಕಿದವು ಎಂದು ತಕ್ಷಣ ತೀರ್ಮಾನಿಸುತ್ತೇವೆ. ಕೆಲವು ಸಲ ಅದು ನಿಜವೂ ಹೌದು. ಆದರೆ ನಾಲ್ಕಾರು ಜಾತಿಯ ಮೀನುಗಳು ಕೂಡಿ ಬಾಳುವ ಅಕ್ವೇರಿಯಂನಲ್ಲಿ ತಪ್ಪೆಲ್ಲವನ್ನೂ ಈ ಜೋಡಿಯ ಮೇಲೆ ಹೊರಿಸುವುದು ಅನ್ಯಾಯ.

ರ್ಯಾಮ್‌ನ ತವರು ದಕ್ಷಿಣ ಅಮೆರಿಕದ ವೆನೆಜುವೆಲಾ ಮತ್ತು ಕೊಲಂಬಿಯಾ. ಒರಿನೋಕೊ ನದಿ ಹರಿಯುವ ವಿಶಾಲ ಹುಲ್ಲುಬಯಲಿನ ಬೆಚ್ಚನೆಯ, ಮೆದುವಾದ, ತುಸು ಆಮ್ಲೀಯ ನೀರಿನಲ್ಲಿ ಅದು ವಾಸಿಸುತ್ತದೆ. 1948ರಲ್ಲಿ ಮೈಯರ್ಸ್ ಮತ್ತು ಹ್ಯಾರಿ ಎಂಬ ವಿಜ್ಞಾನಿಗಳು ಇದನ್ನು ವಿವರಿಸಿ, ಮೀನು ಸಂಗ್ರಹಿಸಿ ತಂದ ಮ್ಯಾನ್ಯುಯೆಲ್ ರಾಮಿರೆಸ್ ಅವರ ನೆನಪಿಗೆ ರಾಮಿರೆಜಿ ಎಂದು ಕರೆದರು. ಅಂಗಡಿಗಳಲ್ಲಿ ಸಿಗುವ ಜರ್ಮನ್ ಬ್ಲೂ, ಗೋಲ್ಡನ್, ಎಲೆಕ್ಟ್ರಿಕ್ ಬ್ಲೂ ಎಲ್ಲವೂ ಇದೇ ಜಾತಿಯ ತಳಿಗಳು. ಬೆಳೆದ ಮೀನು ಸುಮಾರು 5 ಸೆಂಟಿಮೀಟರ್, ಅಷ್ಟೇ. ಅದು ಸೇರಿರುವ ಸಿಕ್ಲಿಡ್ ಕುಟುಂಬದ ಹೆಚ್ಚುಗಾರಿಕೆಯೆಂದರೆ ಮೊಟ್ಟೆ-ಮರಿಗಳ ಪಾಲನೆ. ನಮ್ಮ ಕರಾವಳಿಯ ನದಿಗಳಲ್ಲೂ ಈ ಕುಟುಂಬದ ಮೀನುಗಳಿವೆ. ದಕ್ಷಿಣ ಕನ್ನಡದಲ್ಲಿ ಸಿಗುವ ಎಟ್ರೋಪ್ಲಸ್ ಕೆನರೆನ್ಸಿಸ್‌ನ ಹೆಸರಿನಲ್ಲಿ ಕೆನರಾ ಸೀಮೆಯೇ ಇದೆ.

ಮೊಟ್ಟೆಯಿಡುವ ಹೊತ್ತಿಗೆ ರ್ಯಾಮ್ ಜೋಡಿಯನ್ನು ಹತ್ತಿರದಿಂದ ನೋಡಬೇಕು. ಹೆಣ್ಣಿನ ಹೊಟ್ಟೆ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಅದರ ಪಕ್ಕೆಯ ಕಪ್ಪು ಮಚ್ಚೆಯೊಳಗೂ ನೀಲಿ ಚುಕ್ಕೆಗಳು ಮಿನುಗುತ್ತವೆ. ಗಂಡನ್ನು ಹೆಣ್ಣಿನಿಂದ ಬೇರೆ ಮಾಡಿ ಗುರುತಿಸಲು ಈ ಚುಕ್ಕೆಗಳೇ ಸುಲಭದ ದಾರಿ. ಎರಡೂ ಸೇರಿ ಒಂದು ಚಪ್ಪಟೆ ಕಲ್ಲನ್ನು ಆರಿಸಿ, ಬಾಯಿಂದ ಕಚ್ಚಿ ಕಚ್ಚಿ ಪಾಚಿಯನ್ನೆಲ್ಲ ತೆಗೆದು ಶುಚಿ ಮಾಡುತ್ತವೆ. ಆಮೇಲೆ ಹೆಣ್ಣು ಹೊಟ್ಟೆಯನ್ನು ಕಲ್ಲಿಗೆ ತಾಗಿಸಿ ನಿಧಾನವಾಗಿ ಸಾಗುತ್ತ ಸಾಲಾಗಿ ಮೊಟ್ಟೆ ಅಂಟಿಸುತ್ತದೆ. ಸಾಸಿವೆಗಿಂತ ದೊಡ್ಡದಲ್ಲದ, ತಿಳಿಕಂದು ಬಣ್ಣದ, ಬೆಳಕು ಹಾಯುವ ಮೊಟ್ಟೆಗಳು. ಅದು ಸರಿದ ಕೂಡಲೇ ಗಂಡು ಅದೇ ಜಾಡಿನಲ್ಲಿ ಸಾಗಿ ವೀರ್ಯ ಸುರಿಸುತ್ತದೆ. ನಂತರ ಶುರುವಾಗುವುದು ಸರದಿಯ ಕೆಲಸ. ಒಂದು ಮೀನು ಮೊಟ್ಟೆಗಳ ಮೇಲೆ ನಿಂತು ಎದೆಯ ಈಜುರೆಕ್ಕೆಗಳಿಂದ ಬೀಸುತ್ತಿದ್ದರೆ ಇನ್ನೊಂದು ಗಡಿ ಕಾಯುತ್ತದೆ. ಬೀಸುವುದರಿಂದ ಮೊಟ್ಟೆಗಳಿಗೆ ಆಮ್ಲಜನಕ ತುಂಬಿದ ಹೊಸ ನೀರು ಸಿಗುತ್ತದೆ, ಕಸ ಕೂರುವುದಿಲ್ಲ. ಫಲಿಸದೆ ಬಿಳಿಚಿದ ಮೊಟ್ಟೆಗಳನ್ನು ಅವು ಆರಿಸಿ ತಿಂದುಬಿಡುತ್ತವೆ. ಬಿಟ್ಟರೆ ಅವಕ್ಕೆ ಹಿಡಿದ ಬೂಷ್ಟು ಪಕ್ಕದ ಒಳ್ಳೆಯ ಮೊಟ್ಟೆಗೂ ಹಬ್ಬುತ್ತದೆ.

ಹಗಲಲ್ಲಿ ಈ ಕಾವಲು ಭದ್ರ. ತನ್ನ ಎರಡರಷ್ಟಿರುವ ಮೀನನ್ನೂ ರ್ಯಾಮ್ ಅಟ್ಟಬಲ್ಲದು. ದೀಪ ಆರಿದ ಮೇಲೆ ಅದಕ್ಕೆ ಕಣ್ಣು ಕಾಣುವುದಿಲ್ಲ. ಗಾಜಿಗೆ ಅಂಟಿಕೊಂಡಿರುವ ಸಕ್ಕರ್ ಮೀನು, ತಳ ಕೆದಕುವ ಕೋರಿಡೋರಸ್, ಲೋಚ್ ಇವುಗಳಿಗೆ ದಾರಿ ಹುಡುಕಲು ಬೆಳಕು ಬೇಡ. ವಾಸನೆ ಹಿಡಿದು, ಮೀಸೆಯಿಂದ ತಡವುತ್ತ ಬಂದು ಕಲ್ಲನ್ನು ಖಾಲಿ ಮಾಡುತ್ತವೆ. ಹಾಗಾಗಿ ಮೊಟ್ಟೆಯಿಟ್ಟ ರಾತ್ರಿ ತೊಟ್ಟಿಯ ಬಳಿ ಒಂದು ಮಂದ ದೀಪ ಉರಿಯಲಿ. ಸಣ್ಣ ಉಪಾಯವಾದರೂ ಕೆಲಸಕ್ಕೆ ಬರುತ್ತದೆ.

ಹಾಗಾದರೆ ತಂದೆತಾಯಿ ತಿನ್ನುವುದೇಕೆ? ಸುತ್ತಲೂ ಸದಾ ಮೀನುಗಳು ನುಗ್ಗುತ್ತಿದ್ದರೆ, ಮರಿ ಉಳಿಯುವ ಸಾಧ್ಯತೆ ಇಲ್ಲದಿದ್ದರೆ, ಮೊಟ್ಟೆಯಲ್ಲಿರುವ ಪೌಷ್ಟಿಕಾಂಶವನ್ನು ಕಳ್ಳನಿಗೆ ಬಿಡುವ ಬದಲು ಮರಳಿ ಪಡೆದು ಮತ್ತೊಮ್ಮೆ ಮೊಟ್ಟೆಯಿಡುವುದೇ ಲಾಭ. ಅದನ್ನು ಕ್ರೌರ್ಯ ಎನ್ನಲು ನನಗೆ ಮನಸ್ಸಿಲ್ಲ. ಎಳೆಯ ಜೋಡಿಗಳು ಮೊದಲ ಕೆಲವು ಸಲ ಎಡವುವುದೂ ಉಂಟು. ಮೀನು ಫಾರ್ಮ್‌ಗಳ ಪಾಲೂ ಇದರಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಮೊಟ್ಟೆಗಳನ್ನು ಬೇರೆ ತೆಗೆದು ಮರಿ ಮಾಡುವುದರಿಂದ, ಮರಿ ಸಾಕಲು ಬಾರದ ಜೋಡಿಯ ವಂಶವೂ ಮುಂದುವರಿಯುತ್ತದೆ.

ನೀರನ್ನು ಮರೆಯುವಂತಿಲ್ಲ. ಬೆಂಗಳೂರಿನ ಅನೇಕ ಬಡಾವಣೆಗಳ ಬೋರ್‌ವೆಲ್ ನೀರು ಬಹಳ ಗಡಸು. ಅಂಥ ನೀರಿನಲ್ಲಿ ರ್ಯಾಮ್ ಬದುಕಿದರೂ ಮೊಟ್ಟೆ ಫಲಿಸುವುದು ಕಡಿಮೆ. ಆರ್‌ಒ ನೀರು ಬೆರೆಸಿ ಗಡಸುತನ ಇಳಿಸಬೇಕು, ಉಷ್ಣಾಂಶವನ್ನು 28-29 ಡಿಗ್ರಿಯಲ್ಲಿ ನಿಲ್ಲಿಸಬೇಕು. ಆ ಉಷ್ಣಾಂಶದಲ್ಲಿ ಎರಡು-ಮೂರು ದಿನದಲ್ಲಿ ಮೊಟ್ಟೆ ಒಡೆಯುತ್ತದೆ. ತಂದೆತಾಯಿ ಮರಿಗಳನ್ನು ಬಾಯಲ್ಲಿ ಎತ್ತಿ ಮರಳಿನಲ್ಲಿ ತೋಡಿದ ಗುಳಿಗೆ ಸಾಗಿಸುತ್ತವೆ. ಹಳದಿ ಚೀಲ ಕರಗಿ ಮರಿ ಈಜಲು ಇನ್ನೂ ಕೆಲವು ದಿನ ಬೇಕು. ಅಪಾಯ ಹೆಚ್ಚುವುದೂ ಆಗಲೇ. ಟೆಟ್ರಾದಂಥ ಸಾಧು ಮೀನಿಗೂ ಈಜುವ ಮರಿ ಒಂದು ತುತ್ತು.

ಮರಿ ಬೇಕೇಬೇಕು ಎನ್ನುವವರು ಕಲ್ಲನ್ನೇ ಎತ್ತಿ, ಅದೇ ತೊಟ್ಟಿಯ ನೀರು ತುಂಬಿದ ಸಣ್ಣ ಟ್ಯಾಂಕ್‌ಗೆ ಇಡಬಹುದು. ಬೀಸುವ ರೆಕ್ಕೆಯ ಜಾಗಕ್ಕೆ ಏರ್ ಸ್ಟೋನ್ ಬರಲಿ. ಗುಳ್ಳೆಗಳು ಮೊಟ್ಟೆಗೆ ನೇರವಾಗಿ ಬಡಿಯದೆ ಪಕ್ಕದಲ್ಲಿ ಏಳಲಿ. ಬೂಷ್ಟು ತಡೆಯಲು ನೀರು ತಿಳಿನೀಲಿಯಾಗುವಷ್ಟು ಮೆಥಿಲೀನ್ ಬ್ಲೂ ಸಾಕು. ಬಿಳಿಚಿದವನ್ನು ಡ್ರಾಪರ್‌ನಿಂದ ತೆಗೆಯುತ್ತಿರಬೇಕು. ಈಜತೊಡಗಿದ ಮರಿಗಳಿಗೆ ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಯ ಮರಿ ಒಳ್ಳೆಯ ಆಹಾರ. ಅದೂ ದೊಡ್ಡದೆನಿಸುವ ಮರಿಗಳಿಗೆ ಮೊದಲೆರಡು ದಿನ ಇನ್‌ಫ್ಯುಸೋರಿಯಾ ಎಂಬ ಸೂಕ್ಷ್ಮಜೀವಿಗಳು.

ಆದರೂ ಮರಿಗಳ ಹಿಂಡನ್ನು ತಂದೆತಾಯಿ ನಡೆಸಿಕೊಂಡು ಹೋಗುವುದನ್ನು ನೋಡುವ ಸುಖ ಆ ಸಣ್ಣ ಟ್ಯಾಂಕ್‌ನಲ್ಲಿ ಸಿಗದು. ಅದು ಬೇಕಿದ್ದರೆ ಜೋಡಿಗೆ ಬೇರೆ ತೊಟ್ಟಿ ಕೊಡಿ, ಒಂದೆರಡು ಸಲ ಮೊಟ್ಟೆ ಹೋದರೂ ತಾಳ್ಮೆಯಿಂದ ಕಾಯಿರಿ. ಬೇರೆ ತೊಟ್ಟಿಗೆ ಜಾಗವಿಲ್ಲವೇ? ಆಗ ಸಕ್ಕರ್ ಮೀನನ್ನಾದರೂ ಸಾಕಬಲ್ಲ ಇನ್ನೊಬ್ಬರಿಗೆ ಕೊಡಿ. ಕೆರೆಗೆ ಮಾತ್ರ ಬಿಡಬೇಡಿ. ಹಾಗೆ ಬಿಟ್ಟ ಸಕ್ಕರ್ ಮೀನುಗಳು ಈಗಾಗಲೇ ನಮ್ಮ ದೇಶದ ಹಲವು ಕೆರೆ-ನದಿಗಳಲ್ಲಿ ಬೇರೂರಿವೆ.