ಭಾಗ ಕಳಚಿ ರೂಪಿಸಿದ ಹೊಸ ಮಾದರಿ

ಇಟಲಿಯ ಲ್ಯಾಂಬೋರ್ಗಿನಿ ಸಂಸ್ಥೆಯು ತನ್ನ ಗಲ್ಲಾರ್ಡೋ ಕಾರನ್ನು 2003ರಿಂದಲೂ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ತಲುಪುವಂತೆ ನಿರ್ಮಿಸುತ್ತಿತ್ತು. 2009ರಲ್ಲಿ ಮುಂಭಾಗದ ಡಿಫರೆನ್ಷಿಯಲ್ ಹಾಗೂ ಡ್ರೈವ್ ಶಾಫ್ಟುಗಳನ್ನು ಕೈಬಿಟ್ಟು, ಹಿಂಚಕ್ರಗಳಿಂದಲೇ ಚಲಿಸುವ ಮಾದರಿಯನ್ನು ಹೊರತಂದಿತು. ದೀರ್ಘಕಾಲ ಪರೀಕ್ಷಾ ಚಾಲಕರಾಗಿದ್ದ ವ್ಯಾಲೆಂಟಿನೋ ಬಾಲ್ಬೋನಿಯವರ ಹೆಸರನ್ನು ಅದಕ್ಕಿಟ್ಟಿತು.

ತೂಕದಲ್ಲಿ ಉಳಿತಾಯವಾದುದು ಸುಮಾರು 30 ಕಿಲೋಗ್ರಾಂ ಮಾತ್ರ. ಕೆಲಸವಾದರೋ ಕಳಚಿದಷ್ಟಕ್ಕೆ ಮುಗಿಯಲಿಲ್ಲ. ಮುಂಭಾಗ ಹಗುರವಾಗಿ, ಎಳೆತವೆಲ್ಲ ಹಿಂಚಕ್ರಗಳ ಪಾಲಿಗೆ ಬಂದುದರಿಂದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಟೈರುಗಳನ್ನೆಲ್ಲ ಹೊಸದಾಗಿ ಹೊಂದಿಸಬೇಕಾಯಿತು. ಬಿಡಿಭಾಗ ಕಡಿಮೆಯಾದರೆ ವೆಚ್ಚವೂ ತಾನಾಗಿ ಇಳಿಯುವುದೆಂದು ಲೆಕ್ಕ ಹಾಕುವ ತಯಾರಕರು ಗಮನಿಸತಕ್ಕ ಅಂಶವಿದು.

ವ್ಯಾಪಾರದ ಎಚ್ಚರಿಕೆಯೂ ಮೆಚ್ಚತಕ್ಕದ್ದೇ. ಮೊದಲು ತಯಾರಿಗೆ ನಿಗದಿಪಡಿಸಿದ್ದು ಕೇವಲ 250 ಕಾರುಗಳನ್ನು. ಹಿಂಚಕ್ರ ಚಾಲನೆಯ ಗಲ್ಲಾರ್ಡೋ ಸಂಸ್ಥೆಯ ಸಾಮಾನ್ಯ ಶ್ರೇಣಿಗೆ ಸೇರಿದ್ದು ಮರುವರ್ಷ, 2010ರಲ್ಲಿ.