ಹತ್ತು ಪ್ಯಾಕ್ ಖಾಲಿ ಹೋದರೆ ಹನ್ನೊಂದರಲ್ಲಿ ಸ್ಟಾರ್ ಆಟಗಾರ ಖಂಡಿತವೇ? ಬೇಸ್‌ಬಾಲ್ ಗೇಮ್‌ನ ನಂಬಿಕೆಗಳು ಮತ್ತು ನಿಜವಾದ ಲೆಕ್ಕ

ಮೊಬೈಲ್‌ನಲ್ಲಿ ಬೇಸ್‌ಬಾಲ್ ತಂಡ ನಡೆಸುವ ಸಿಮ್ಯುಲೇಷನ್ ಗೇಮ್‌ಗಳಲ್ಲಿ ನಮ್ಮದು ಮುಖ್ಯವಾಗಿ ಮ್ಯಾನೇಜರ್ ಕೆಲಸ. ಯಾರನ್ನು ಆಡಿಸಬೇಕು, ಯಾವ ಕ್ರಮದಲ್ಲಿ ಬ್ಯಾಟಿಂಗ್‌ಗೆ ಕಳಿಸಬೇಕು, ದಣಿದ ಪಿಚರ್‌ನನ್ನು ಯಾವಾಗ ಬದಲಿಸಬೇಕು ಎಂದು ನಾವು ಹೇಳುತ್ತೇವೆ, ಪಂದ್ಯವನ್ನು ಗೇಮ್ ತಾನೇ ಆಡಿ ಮುಗಿಸುತ್ತದೆ. ಇಂಥ ಗೇಮ್ ಆಡುವವರ ನಡುವೆ ಹರಿದಾಡುವ ಕೆಲವು ಸಲಹೆಗಳನ್ನು ನಂಬಿದರೆ ತಂಡವೂ ಕೆಡುತ್ತದೆ, ಜೇಬೂ ಖಾಲಿಯಾಗುತ್ತದೆ. ಒಂದೊಂದಾಗಿ ನೋಡೋಣ.

ಪಂದ್ಯದ ಫಲಿತಾಂಶ ಎಲ್ಲಿಂದ ಬರುತ್ತದೆ?

ಇದರ ಮೂಲ ಮೊಬೈಲ್‌ಗಿಂತ ಹಳೆಯದು. ಅಮೆರಿಕದ ಹ್ಯಾಲ್ ರಿಚ್‌ಮನ್ 1961ರಲ್ಲಿ ‘ಸ್ಟ್ರಾಟ್-ಓ-ಮ್ಯಾಟಿಕ್’ ಎಂಬ ಆಟವನ್ನು ಮಾರುಕಟ್ಟೆಗೆ ತಂದರು. ನಿಜವಾದ ಆಟಗಾರರ ಅಂಕಿಅಂಶಗಳಿಂದ ತಯಾರಿಸಿದ ಕಾರ್ಡ್‌ಗಳು ಮತ್ತು ದಾಳಗಳು, ಅಷ್ಟೇ. ದಾಳ ಬಿದ್ದಂತೆ ಕಾರ್ಡ್ ನೋಡಿ ಹಿಟ್ಟೋ ಔಟೋ ಎಂದು ತಿಳಿಯುತ್ತಿತ್ತು. ಇಂದಿನ ಗೇಮ್‌ಗಳಲ್ಲಿ ಆ ದಾಳದ ಜಾಗದಲ್ಲಿ ಕಂಪ್ಯೂಟರ್ ಸೃಷ್ಟಿಸುವ ಯಾದೃಚ್ಛಿಕ ಸಂಖ್ಯೆ ಇದೆ. ಆಟಗಾರನ ರೇಟಿಂಗ್ ಹೆಚ್ಚಿದ್ದರೆ ಹಿಟ್ ಆಗುವ ಸಾಧ್ಯತೆ ಹೆಚ್ಚುತ್ತದೆ, ಆದರೆ ಖಾತ್ರಿ ಆಗುವುದಿಲ್ಲ.

ನಂಬಿಕೆ 1: ‘ತುಂಬಾ ಪ್ಯಾಕ್ ಖಾಲಿ ಹೋಗಿದೆ, ಇನ್ನು ಸ್ಟಾರ್ ಆಟಗಾರ ಸಿಗಲೇಬೇಕು’

ಇದು ಸುಳ್ಳು. ಒಂದು ಪ್ಯಾಕ್‌ನಲ್ಲಿ ಸ್ಟಾರ್ ಆಟಗಾರ ಸಿಗುವ ಸಾಧ್ಯತೆ 1% ಎಂದುಕೊಳ್ಳಿ. 100 ಪ್ಯಾಕ್ ತೆರೆದರೆ ಒಬ್ಬ ಸಿಕ್ಕೇ ಸಿಗುತ್ತಾನೆ ಎಂದು ಅನಿಸುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. 100 ಪ್ಯಾಕ್ ತೆರೆದವರಲ್ಲಿ ಸುಮಾರು 63% ಜನರಿಗೆ ಕನಿಷ್ಠ ಒಬ್ಬ ಸಿಗುತ್ತಾನೆ, ಉಳಿದ 37% ಜನರಿಗೆ ಒಬ್ಬನೂ ಇಲ್ಲ. ಪ್ಯಾಕ್‌ಗೆ 100 ರೂಪಾಯಿ ಎಂದರೆ 10,000 ರೂಪಾಯಿ ಸುರಿದ ಮೇಲೂ ಬರಿಗೈ! ಆಮೇಲೆ ತೆರೆಯುವ 101ನೇ ಪ್ಯಾಕ್‌ನಲ್ಲಿಯೂ ಸಾಧ್ಯತೆ ಅದೇ 1%. ಹಿಂದಿನ ಪ್ಯಾಕ್‌ಗಳಲ್ಲಿ ಏನಾಯಿತು ಎಂಬುದಕ್ಕೂ ಮುಂದಿನದಕ್ಕೂ ಸಂಬಂಧವಿಲ್ಲ.

ಈ ತಪ್ಪಿಗೆ ‘ಜೂಜುಕೋರನ ಭ್ರಮೆ’ ಎಂದು ಹೆಸರು. 1913ರಲ್ಲಿ ಮಾಂಟೆ ಕಾರ್ಲೋದ ಕ್ಯಾಸಿನೋದಲ್ಲಿ ರೂಲೆಟ್ ಚಕ್ರದ ಚೆಂಡು ಸತತ 26 ಬಾರಿ ಕಪ್ಪು ಮನೆಗೇ ಬಿದ್ದಿತು. ‘ಇನ್ನು ಕೆಂಪೇ ಬರಬೇಕು’ ಎಂದು ಹಣ ಕಟ್ಟುತ್ತಾ ಹೋದವರು ದೊಡ್ಡ ಮೊತ್ತ ಕಳೆದುಕೊಂಡರು.

ಒಂದು ವಿನಾಯಿತಿ ಇದೆ. ಕೆಲವು ಗೇಮ್‌ಗಳಲ್ಲಿ ಇಂತಿಷ್ಟು ಪ್ಯಾಕ್ ಆದ ಮೇಲೆ ಸ್ಟಾರ್ ಆಟಗಾರನನ್ನು ಕೊಟ್ಟೇ ಕೊಡುವ ನಿಯಮ ಇರುತ್ತದೆ. ಜಪಾನಿನಲ್ಲಿ ಇದನ್ನು ‘ಟೆಂಜೋ’ ಎನ್ನುತ್ತಾರೆ, ಅಂದರೆ ಮೇಲ್ಛಾವಣಿ. ಆ ನಿಯಮ ಗೇಮ್‌ನ ಒಳಗೇ ಬರೆದಿದ್ದರೆ ಮಾತ್ರ ನಂಬಿ. ಪ್ಯಾಕ್ ಕೊಳ್ಳುವ ಮುನ್ನವೇ ಸಾಧ್ಯತೆಯ ಪ್ರಮಾಣ ತೋರಿಸಬೇಕು ಎಂದು ಆ್ಯಪಲ್ 2017ರಲ್ಲಿ, ಗೂಗಲ್ ಪ್ಲೇ 2019ರಲ್ಲಿ ನಿಯಮ ಮಾಡಿವೆ. ದಕ್ಷಿಣ ಕೊರಿಯಾದಲ್ಲಿ 2024ರ ಮಾರ್ಚ್‌ನಿಂದ ಇದು ಕಾನೂನೇ ಆಗಿದೆ.

ನಂಬಿಕೆ 2: ‘ಈ ಎಪಿಕೆ ಹಾಕಿಕೊಂಡರೆ ಎಲ್ಲಾ ಸ್ಟಾರ್ ಆಟಗಾರರೂ ಉಚಿತ’

ಆನ್‌ಲೈನ್ ಗೇಮ್‌ಗಳಲ್ಲಿ ನಿಮ್ಮ ತಂಡ, ಕಾಯಿನ್, ಕಾರ್ಡ್‌ಗಳ ಲೆಕ್ಕ ಸಾಮಾನ್ಯವಾಗಿ ಇರುವುದು ಕಂಪನಿಯ ಸರ್ವರ್‌ನಲ್ಲಿ, ನಿಮ್ಮ ಫೋನ್‌ನಲ್ಲಲ್ಲ. ಫೋನ್‌ನ ಆ್ಯಪ್ ಬದಲಿಸಿದರೆ ಆ ಲೆಕ್ಕ ಬದಲಾಗುವುದಿಲ್ಲ. ಆದರೆ ಹೊರಗಿನಿಂದ ಬಂದ ಎಪಿಕೆ ಫೈಲ್‌ಗೆ ಎಸ್‌ಎಂಎಸ್ ಓದುವ ಅನುಮತಿ ಕೊಟ್ಟರೆ ನಿಮ್ಮ ಬ್ಯಾಂಕ್ ಒಟಿಪಿ ಬೇರೆಯವರ ಕೈ ಸೇರಬಹುದು. ಇಂಥ ಲಿಂಕ್ ಬಂದರೆ ಅಲ್ಲೇ ಡಿಲೀಟ್ ಮಾಡಿ.

ನಂಬಿಕೆ 3: ‘ಮೂರು ಪಂದ್ಯ ಸೋತರೆ ತಂಡವನ್ನೇ ಬದಲಿಸಬೇಕು’

ಅಮೆರಿಕದ ಮೇಜರ್ ಲೀಗ್‌ನಲ್ಲಿ ಒಂದು ತಂಡ ಒಂದು ಋತುವಿನಲ್ಲಿ 162 ಪಂದ್ಯ ಆಡುತ್ತದೆ. ಶೇ. 60ರಷ್ಟು, ಅಂದರೆ 97 ಪಂದ್ಯ ಗೆದ್ದರೆ ಅದು ಬಹಳ ಬಲಿಷ್ಠ ತಂಡ. ಅಂಥ ತಂಡವೂ ಒಂದು ಋತುವಿನಲ್ಲಿ ಸರಾಸರಿ ಆರು ಬಾರಿ ಸತತ ಮೂರೋ ಅದಕ್ಕಿಂತ ಹೆಚ್ಚೋ ಪಂದ್ಯ ಸೋಲುತ್ತದೆ ಎನ್ನುತ್ತದೆ ಸಂಭವನೀಯತೆಯ ಲೆಕ್ಕ. 2001ರಲ್ಲಿ ಸಿಯಾಟಲ್ ಮ್ಯಾರಿನರ್ಸ್ 116 ಪಂದ್ಯ ಗೆದ್ದು ದಾಖಲೆ ಸರಿಗಟ್ಟಿತು. ಆದರೆ ಆ ವರ್ಷ ಅದು ಫೈನಲ್ ಸರಣಿಗೂ ಹೋಗಲಿಲ್ಲ, ಅದಕ್ಕೆ ಮೊದಲೇ ನ್ಯೂಯಾರ್ಕ್ ಯಾಂಕೀಸ್‌ಗೆ ಸೋತಿತು.

ಆಟಗಾರನ ವಿಷಯದಲ್ಲೂ ಹೀಗೆಯೇ. 0.300 ಸರಾಸರಿ ಇರುವ ಒಳ್ಳೆಯ ಬ್ಯಾಟರ್ ಐದು ಅವಕಾಶಗಳಲ್ಲಿ ಒಂದೂ ಹಿಟ್ ಮಾಡದಿರುವ ಸಾಧ್ಯತೆ ಸುಮಾರು ಆರರಲ್ಲಿ ಒಂದು. ಒಂದು ದಿನದ ಆಟ ನೋಡಿ ಅವನನ್ನು ಮಾರಬೇಡಿ. ಪಿಚರ್‌ನ ದಣಿವು ಮಾತ್ರ ಬೇರೆ ವಿಷಯ. ಸ್ಟ್ಯಾಮಿನಾ ಕುಸಿದರೆ ರೇಟಿಂಗ್ ಇಳಿಯುವ ಗೇಮ್‌ನಲ್ಲಿ ಅವನನ್ನು ಬದಲಿಸುವುದೇ ಸರಿ.

ನಂಬಿಕೆ 4: ‘ಬ್ಯಾಟಿಂಗ್ ಸರಾಸರಿ ಹೆಚ್ಚಿದ್ದವನೇ ಉತ್ತಮ’

ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ಗೊಂದಲ ಸಹಜ. ಬೇಸ್‌ಬಾಲ್‌ನಲ್ಲಿ ಸರಾಸರಿ ಎಂದರೆ ಓಟಗಳ ಲೆಕ್ಕವಲ್ಲ, ಎಷ್ಟು ಅವಕಾಶಗಳಿಗೆ ಎಷ್ಟು ಹಿಟ್ ಎಂಬ ಲೆಕ್ಕ. ನಾಲ್ಕು ಕೆಟ್ಟ ಎಸೆತಗಳನ್ನು ಬಿಟ್ಟು ಪುಕ್ಕಟೆಯಾಗಿ ಮೊದಲ ಬೇಸ್ ತಲುಪುವ ‘ವಾಕ್’ ಅದರಲ್ಲಿ ಸೇರುವುದಿಲ್ಲ.

ಒಬ್ಬ ಬ್ಯಾಟರ್ 100 ಸರದಿಯಲ್ಲಿ 3 ವಾಕ್ ಪಡೆದು, ಉಳಿದ 97ರಲ್ಲಿ 29 ಹಿಟ್ ಮಾಡುತ್ತಾನೆ. ಸರಾಸರಿ 0.299. ಇನ್ನೊಬ್ಬ 14 ವಾಕ್ ಪಡೆದು, ಉಳಿದ 86ರಲ್ಲಿ 23 ಹಿಟ್ ಮಾಡುತ್ತಾನೆ. ಸರಾಸರಿ 0.267. ಬೇಸ್ ತಲುಪಿದ್ದು ಮೊದಲಿನವನು 32 ಬಾರಿ, ಎರಡನೆಯವನು 37 ಬಾರಿ! ಈ ಲೆಕ್ಕಕ್ಕೆ ಆನ್-ಬೇಸ್ ಪರ್ಸೆಂಟೇಜ್, ಚಿಕ್ಕದಾಗಿ ಒಬಿಪಿ ಎನ್ನುತ್ತಾರೆ. ಓಕ್ಲೆಂಡ್ ಅಥ್ಲೆಟಿಕ್ಸ್ ತಂಡ ಕಡಿಮೆ ಹಣದಲ್ಲಿ ಆಟಗಾರರನ್ನು ಆರಿಸುವಾಗ ಇದಕ್ಕೆ ಮಹತ್ವ ಕೊಟ್ಟು, 2002ರಲ್ಲಿ ಸತತ 20 ಪಂದ್ಯ ಗೆದ್ದಿತು. ‘ಮನಿಬಾಲ್’ ಸಿನಿಮಾದಲ್ಲಿರುವುದು ಇದೇ ಕಥೆ.

ಹಾಗಾದರೆ ಏನು ಮಾಡಬೇಕು?

ಹಣ ಕೊಡುವ ಮುನ್ನ ಸಾಧ್ಯತೆಯ ಪಟ್ಟಿ ನೋಡಿ. ಪಟ್ಟಿ ಕಾಣದಿದ್ದರೆ ಕೊಳ್ಳಬೇಡಿ. ತಿಂಗಳಿಗೆ ಇಷ್ಟೇ ಖರ್ಚು ಎಂದು ಮೊದಲೇ ನಿಗದಿ ಮಾಡಿ. ಮಕ್ಕಳು ನಿಮ್ಮ ಫೋನ್‌ನಲ್ಲಿ ಆಡುತ್ತಿದ್ದರೆ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ತಂಡವನ್ನು ಮೂರು ಪಂದ್ಯದಿಂದಲ್ಲ, ಮೂವತ್ತು ಪಂದ್ಯದಿಂದ ಅಳೆಯಿರಿ. ‘ಇನ್ನೊಂದೇ ಪ್ಯಾಕ್, ಈ ಸಲ ಗ್ಯಾರಂಟಿ’ ಎಂಬ ಮೆಸೇಜ್ ಬಂದರೆ ಮುಂದಕ್ಕೆ ಕಳಿಸಬೇಡಿ. ಅದನ್ನು ನಂಬಿ ಹಣ ಕಳೆದುಕೊಳ್ಳುವವರು ನಿಮ್ಮ ಸ್ನೇಹಿತರೇ ಆಗಿರಬಹುದು.