ಸನ್ನಿಸೈಡ್: ಮಾಜಿ ಸೈನಿಕರು ಪಟ್ಟುಹಿಡಿದು ಪಡೆದ ಮನೆ

ಎಮ್ಮಿಗನೂರು, ಕಂಪ್ಲಿ ಕಡೆಯ ಶಾಲೆಗಳ ಪ್ರವಾಸದ ಬಸ್ಸು ಕೊಡಗಿಗೆ ಹೋದರೆ ನಿಲ್ಲುವ ಜಾಗಗಳು ಎಲ್ಲರಿಗೂ ಗೊತ್ತಿರುವವೇ: ದುಬಾರೆ, ಅಬ್ಬಿ ಜಲಪಾತ, ರಾಜಾಸೀಟ್, ತಲಕಾವೇರಿ. ಆ ಪಟ್ಟಿಗೆ ಮಡಿಕೇರಿಯ ಒಂದು ಹಳೇ ಹಂಚಿನ ಮನೆಯನ್ನೂ ಸೇರಿಸಿಕೊಳ್ಳಬೇಕು. ಹೆಸರು ಸನ್ನಿಸೈಡ್. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ರಲ್ಲಿ ಹುಟ್ಟಿದ ಮನೆಯಿದು.

ಈಗ ಅಂಗಳದಲ್ಲಿ ಟಿ-55 ಟ್ಯಾಂಕ್, ಮಿಗ್-21 ವಿಮಾನ, ಯುದ್ಧ ಸ್ಮಾರಕ ಎಲ್ಲ ಇವೆ. ಒಂದು ಕಾಲಕ್ಕೆ ಇದೇ ಮನೆಯಲ್ಲಿ ಆರ್‌ಟಿಒ ಕಚೇರಿ ಇತ್ತು. ಜನ ಇಲ್ಲಿಗೆ ಬರುತ್ತಿದ್ದದ್ದು ಎಲ್‌ಎಲ್‌ಆರ್ ಮಾಡಿಸಲಿಕ್ಕೆ, ಗಾಡಿ ನೋಂದಣಿಗೆ. ಸೇನಾ ದಂಡನಾಯಕನೊಬ್ಬ ಅಂಬೆಗಾಲಿಟ್ಟ ಮನೆಯಲ್ಲಿ ನಿಂತಿದ್ದೇವೆ ಎಂಬುದು ಆ ಸರತಿಯಲ್ಲಿದ್ದ ಎಷ್ಟು ಮಂದಿಗೆ ತಿಳಿದಿತ್ತೋ!

ಕೊಡಗಿನಲ್ಲಿ ಮಾಜಿ ಸೈನಿಕರಿಗೇನೂ ಬರವಿಲ್ಲ. ಎಲ್ಲ ಊರುಗಳಲ್ಲಿ ಇರುವಂತೆ ಪಿಂಚಣಿ, ಕ್ಯಾಂಟೀನ್ ಕಾರ್ಡು, ಆಸ್ಪತ್ರೆ ಬಿಲ್ಲುಗಳ ಚಿಂತೆ ಅವರಿಗೂ ಇದೆ. ಆದರೆ ನಿವೃತ್ತ ಸೇನಾಧಿಕಾರಿಗಳು ಮುಂದೆ ನಿಂತು ನಡೆಸುವ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಫೋರಂ ಇನ್ನೊಂದು ಕೆಲಸವನ್ನೂ ಮೈಮೇಲೆ ಹಾಕಿಕೊಂಡಿತು. ಜನವರಿ 28ಕ್ಕೆ ಕಾರ್ಯಪ್ಪನವರ, ಮಾರ್ಚ್ 31ಕ್ಕೆ ತಿಮ್ಮಯ್ಯನವರ ಜಯಂತಿ ಮಾಡಿ ಹಾರ ಹಾಕಿದರೆ ಸಾಲದು, ಸನ್ನಿಸೈಡ್ ಸ್ಮಾರಕವಾಗಬೇಕು ಎಂದು ಪಟ್ಟು ಹಿಡಿಯಿತು. ಸರ್ಕಾರಗಳು ಬದಲಾದವು, ಕಡತ ನಿಧಾನವಾಗಿ ಸಾಗಿತು, ಇವರು ಮನವಿ ಕೊಡುವುದನ್ನು ಬಿಡಲಿಲ್ಲ. ಕಡೆಗೆ 2021ರ ಫೆಬ್ರುವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಮ್ಯೂಸಿಯಂ ಉದ್ಘಾಟಿಸಿದರು.

ಒಳಗಿನ ಕೋಣೆಗಳಲ್ಲಿ ತಿಮ್ಮಯ್ಯನವರ ಬದುಕು ಬಾಲ್ಯದಿಂದ ಕೊನೆಯವರೆಗೆ ಹಂತಹಂತವಾಗಿ ತೆರೆದುಕೊಳ್ಳುತ್ತದೆ. ಬಹುಪಾಲು ಪ್ರವಾಸಿಗರು ಟ್ಯಾಂಕಿನ ಮುಂದೆ ಫೋಟೊ ತೆಗೆಸಿಕೊಂಡು ಬಸ್ಸು ಹತ್ತುತ್ತಾರೆ. ಅಂಥವರಿಗೆ ಜೋಜಿ ಲಾ ಕಣಿವೆಯ ಕಥೆ ತಪ್ಪಿಹೋಗುತ್ತದೆ. 1948ರಲ್ಲಿ ಲಡಾಖಿನ ದಾರಿ ಶತ್ರುಗಳ ಕೈಲಿತ್ತು. ಸುಮಾರು 11,500 ಅಡಿ ಎತ್ತರದ ಆ ಕಣಿವೆಗೆ ಟ್ಯಾಂಕ್ ಹತ್ತಿಸಬಹುದೆಂದು ಯಾರೂ ಎಣಿಸಿರಲಿಲ್ಲ. ಸ್ಟುವರ್ಟ್ ಟ್ಯಾಂಕುಗಳ ಗೋಪುರ ಬಿಚ್ಚಿ, ಟಾರ್ಪಾಲು ಹೊದಿಸಿ, ಗುಟ್ಟು ಬಿಡದೆ ಕಣಿವೆಯ ಬುಡದ ಬಾಲ್ತಾಲ್‌ವರೆಗೆ ಸಾಗಿಸಿದರು. ಅಲ್ಲಿ ಮತ್ತೆ ಜೋಡಿಸಿ, ನವೆಂಬರ್ 1ರಂದು ಹಿಮದ ನಡುವೆಯೇ ಕಣಿವೆ ಏರಿಸಿದರು. ಡಿವಿಷನ್ನಿನ ದಂಡನಾಯಕ ತಿಮ್ಮಯ್ಯ ಮುಂದಿನ ಟ್ಯಾಂಕಿನಲ್ಲೇ ಇದ್ದರು. ಅಂಗಳದ ಟಿ-55ಕ್ಕೂ ಆ ಕಾಳಗಕ್ಕೂ ಸಂಬಂಧವಿಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ನನಗೆ ಜೋಜಿ ಲಾಗಿಂತ ದೊಡ್ಡದೆನಿಸುವುದು ಅವರ ಕೊರಿಯಾದ ಕೆಲಸ. ಯುದ್ಧ ನಿಂತ ಮೇಲೆ ತಾಯ್ನಾಡಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಕೈದಿಗಳ ಗತಿಯೇನು ಎಂಬ ತಕರಾರು ಎದ್ದಾಗ, ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷತೆ ಬಂದದ್ದು ಇವರಿಗೆ. ಎರಡೂ ಬಣಗಳ ಬೈಗುಳ ತಿಂದು ನಡುವೆ ನಿಲ್ಲಬೇಕಾದ ಕೆಲಸ ಅದು. 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜತೆ ಜಟಾಪಟಿಯಾಗಿ ರಾಜೀನಾಮೆ ಕೊಟ್ಟರು, ನೆಹರೂ ಮಾತಿಗೆ ಹಿಂಪಡೆದರು. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಹೊಣೆ ಹೊತ್ತಿದ್ದಾಗಲೇ, 1965ರ ಡಿಸೆಂಬರ್ 18ರಂದು ತೀರಿಕೊಂಡರು. ಮರುವರ್ಷ ಆ ದೇಶ ಅವರ ಅಂಚೆಚೀಟಿ ಹೊರತಂದಿತು.

ಒಂದೇ ಮನೆಯ ಮಕ್ಕಳ ದಾರಿ ಹೇಗೆ ಕವಲೊಡೆಯಿತು ನೋಡಿ. ತಿಮ್ಮಯ್ಯ ಬ್ರಿಟಿಷರ ಸೇನೆಯಲ್ಲಿದ್ದು ಬರ್ಮಾದಲ್ಲಿ ಜಪಾನಿಯರ ವಿರುದ್ಧ ಕಾದಿದರೆ, ಅಣ್ಣ ಪೊನ್ನಪ್ಪ ಸುಭಾಷರ ಐಎನ್‌ಎ ಸೇರಿದ್ದರು.

ಮ್ಯೂಸಿಯಂ ಆಯಿತೆಂದು ಫೋರಂನವರ ಬೇಡಿಕೆಗಳ ಪಟ್ಟಿ ಮುಗಿದಿಲ್ಲ. 2017ರ ನವೆಂಬರ್ 4ರಂದು ಗೋಣಿಕೊಪ್ಪಲಿನ ಕಾವೇರಿ ಕಾಲೇಜಿನಲ್ಲಿ ಇಬ್ಬರೂ ಸೇನಾನಿಗಳ ಪ್ರತಿಮೆ ಅನಾವರಣ ಮಾಡಿದ ಅಂದಿನ ಸೇನಾ ಮುಖ್ಯಸ್ಥ ಬಿಪಿನ್ ರಾವತ್, ಕಾರ್ಯಪ್ಪನವರಿಗೆ ಭಾರತ ರತ್ನ ಕೊಡಬೇಕೆಂದು ವೇದಿಕೆಯಲ್ಲೇ ಹೇಳಿದ್ದರು. ಕೊಡಗಿನವರು ಮೊದಲಿನಿಂದ ಕೇಳುತ್ತಿದ್ದದ್ದೂ ಅದನ್ನೇ. ಪ್ರಶಸ್ತಿ ಇನ್ನೂ ಬಂದಿಲ್ಲ. ಆರ್‌ಟಿಒ ಕಚೇರಿಯನ್ನೇ ಎಬ್ಬಿಸಿದವರು ಇದನ್ನೂ ಅಷ್ಟು ಸುಲಭಕ್ಕೆ ಬಿಡಲಾರರು.